ಡ್ಯಾಫೋಡಿಲ್ ನೆಡಲು ಬಂದ ಐವರು

ಸ್ಯಾನ್ ರಮೋನ್ ಊರಿನ ಪಾರ್ಕಿನಲ್ಲಿ ಡ್ಯಾಫೋಡಿಲ್ ಹೂವಿನ ಗೆಡ್ಡೆ ನೆಡಲು ಜಯರಾಜನ ಆಫೀಸಿನಿಂದ ನಲವತ್ತು ಜನ ಹೆಸರು ಕೊಟ್ಟಿದ್ದರು. ಅದು ಎರಡು ಸಾವಿರದ ಒಂದರ ಆಗಸ್ಟಿನ ಮಾತು. ನವೆಂಬರಿನ ಒಂದು ಗುರುವಾರ ಕಂಪನಿ ಅರ್ಧಕ್ಕರ್ಧ ಜನರನ್ನು ಕೆಲಸದಿಂದ ತೆಗೆಯಿತು. ಶನಿವಾರ ಬೆಳಿಗ್ಗೆ ಪಾರ್ಕಿಗೆ ಬಂದವರು ಐದೇ ಜನ.

ಜಯರಾಜನಿಗೂ ಬರುವ ಮನಸ್ಸಿರಲಿಲ್ಲ. ಆದರೆ ಎಲ್ಲರ ಹೆಸರು ಬರೆದುಕೊಂಡವನೇ ಅವನು. ಪಾರ್ಕಿನವರಿಗೆ ಫೋನು ಮಾಡಿ ಯಾರೂ ಬರುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಕಾರಿನಿಂದಿಳಿದವನಿಗೆ ಮೊದಲು ಕಂಡದ್ದು ಲೋಹಿತ್. ಹಾಸನದ ಕಡೆಯವನು, ಮೂರು ವರ್ಷದಿಂದ ಅವನ ಟೀಮಿನಲ್ಲಿದ್ದವನು. ಎರಡು ದಿನದ ಹಿಂದೆ ಅವನನ್ನು ಕೋಣೆಗೆ ಕರೆಸಿ ಕೆಲಸ ಹೋಯಿತೆಂದು ತಿಳಿಸಿದವನು ಜಯರಾಜನೇ.

ವಾಪಸ್ಸು ಕಾರು ಹತ್ತಿಬಿಡೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಪಾರ್ಕಿನ ಕೆಲಸ ನೋಡಿಕೊಳ್ಳುವ, ಹುಲ್ಲಿನ ಟೋಪಿ ಹಾಕಿಕೊಂಡಿದ್ದ ಮುದುಕಿ ಇಬ್ಬರ ಕೈಗೂ ಒಂದೊಂದು ಸಲಿಕೆ ಕೊಟ್ಟು, ಗೆಡ್ಡೆಯ ಚೂಪು ತುದಿ ಮೇಲಿರಬೇಕು, ಗೇಣುದ್ದ ಆಳ ಬೇಕು ಎಂದು ತೋರಿಸಿ, ಜೊತೆಯಾಗಿ ಬೇಲಿಯ ಪಕ್ಕ ಕಳಿಸಿದಳು.

"ನೀವು ಬರ್ತೀರಂತ ನಾನು ಎಣಿಸ್ಲಿಲ್ಲ," ಎಂದ ಜಯರಾಜ್.

"ಮನೇಲಿ ಕೂತ್ರೆ ನವ್ಯಾ ನನ್ ಮುಖ ನೋಡ್ತಾಳೆ, ನಾನು ಗೋಡೆ ನೋಡ್ತೀನಿ. ಅದಕ್ಕೇ ಬಂದೆ," ಎಂದ ಲೋಹಿತ್. ನವ್ಯಾ ಅವನ ಹೆಂಡತಿ.

ಹಿಂದಿನ ವಾರದ ಮಳೆಗೆ ಮಣ್ಣು ಮೇಲಷ್ಟೇ ಮೆತ್ತಗಾಗಿತ್ತು, ಕೆಳಗೆ ಇಟ್ಟಿಗೆಯ ಹಾಗಿತ್ತು. ಜಯರಾಜ್ ಅಗೆದ, ಲೋಹಿತ್ ಈರುಳ್ಳಿಯಂಥ ಗೆಡ್ಡೆಗಳನ್ನು ಇಟ್ಟು ಮಣ್ಣು ಮುಚ್ಚುತ್ತ ಬಂದ. ಒಂದು ಚೀಲ ಮುಗಿಯಿತು. ಕೊನೆಗೆ ಜಯರಾಜನೇ, "ನನ್ನ ಮೇಲೆ ಸಿಟ್ಟುಂಟಾ?" ಎಂದು ಕೇಳಿದ.

ಲೋಹಿತ್ ತಲೆಯೆತ್ತದೆ ಹೇಳಿದ: "ಕೆಲಸ ಹೋಗಿದ್ದಕ್ಕಲ್ಲ. ಲಿಸ್ಟು ಮೇಲಿಂದ ಬಂದಿದ್ದು ಅಂತ ಗೊತ್ತು. ಆದ್ರೆ ನೀವು ಪೇಪರ್ ನೋಡ್ಕೊಂಡು ಇಂಗ್ಲಿಷಲ್ಲಿ ಓದಿದ್ರಿ. ಒಂದು ಸಲಾನೂ ನನ್ ಕಡೆ ನೋಡ್ಲಿಲ್ಲ. ಮೂರು ವರ್ಷ ನನ್ ಜೊತೆ ಕನ್ನಡ ಬಿಟ್ಟು ಬೇರೆ ಮಾತಾಡ್ದೋರಲ್ಲ ನೀವು. ಯಾರೋ ಗುರುತಿಲ್ಲದವ್ರ ಥರ ಮಾಡ್ಬಿಟ್ರಿ."

ಜಯರಾಜ್ ಸಲಿಕೆ ಊರಿ ಅಲ್ಲೇ ಕುಳಿತುಬಿಟ್ಟ. ಆ ಗುರುವಾರ ಕೋಣೆಯಲ್ಲಿ ಅವನ ಪಕ್ಕ ಆಫೀಸಿನ ಹೆಂಗಸೊಬ್ಬಳು ಕೂತಿದ್ದಳು, ಬರೆದದ್ದು ಬಿಟ್ಟು ಒಂದಕ್ಷರ ಆಡಬಾರದೆಂದು ಹೇಳಿದ್ದಳು, ಅದು ನಿಜ. ಆದರೆ ಅವಳು ಹೋದ ಮೇಲೆ, ಲೋಹಿತ್ ರಟ್ಟಿನ ಪೆಟ್ಟಿಗೆಗೆ ತನ್ನ ಸಾಮಾನು ತುಂಬುತ್ತಿದ್ದಾಗ, ತಾನು ಇನ್ನೊಂದು ಬಾಗಿಲಿನಿಂದ ಹೊರಟುಹೋದದ್ದೂ ನಿಜ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ನನಗೆ ಹೆದರಿಕೆ ಆಯ್ತು ಮಾರಾಯ್ರೇ," ಎಂದ. "ನಿಮ್ಮ ಮುಖ ನೋಡಿದ್ರೆ ಓದ್ಲಿಕ್ಕೇ ಆಗ್ತಿರ್ಲಿಲ್ಲ. ತಪ್ಪಾಯ್ತು. ನಿಮ್ಮ ಕೆಲಸದಲ್ಲಿ ಏನೂ ಕಮ್ಮಿ ಇರ್ಲಿಲ್ಲ. ಆವತ್ತೇ ಇಷ್ಟಾದ್ರೂ ಹೇಳ್ಬೇಕಿತ್ತು."

ಲೋಹಿತ್ ಕೈಯಲ್ಲಿದ್ದ ಗೆಡ್ಡೆಯ ಒಣಸಿಪ್ಪೆಯನ್ನು ಉಗುರಿನಿಂದ ಕೀಳುತ್ತಿದ್ದ. ಅದನ್ನು ಗುಂಡಿಗಿಟ್ಟು, "ಅಗೀರಿ, ಇನ್ನೂ ನಾಲ್ಕು ಚೀಲ ಇದೆ," ಎಂದ.

ಆಮೇಲೆ ಮಾತು ತಾನಾಗಿ ಬಂತು. ಕೆಲಸ ಹೋದ ಮೇಲೆ ವೀಸಾ ಎಷ್ಟು ದಿನ ಉಳಿಯುತ್ತದೋ ಲಾಯರಿಗೂ ಸರಿಯಾಗಿ ಗೊತ್ತಿಲ್ಲವೆಂದು ಲೋಹಿತ್ ಹೇಳಿದ. ಬೇರೆ ಕೆಲಸದ ವಿಷಯ ಕೇಳಲು ಲಿವರ್‌ಮೋರ್ ಊರಿನ ಪರಿಚಯದವರೊಬ್ಬರಿಗೆ ಇವತ್ತೇ ಫೋನು ಮಾಡುತ್ತೇನೆಂದ ಜಯರಾಜ್. ಆಗುತ್ತದೆಂದು ಮಾತ್ರ ಮಾತು ಕೊಡಲಿಲ್ಲ.

ಕೆಲಸ ಮುಗಿದಾಗ ಒಂದು ಗಂಟೆ. ಜಯರಾಜ್ ಹೊರಡಲು ಕಾರಿನ ಕೀ ತೆಗೆದ.

"ಮನೆಗೆ ಬನ್ನಿ, ಊಟ ಮಾಡ್ಕೊಂಡು ಹೋಗಿ," ಎಂದ ಲೋಹಿತ್.

"ನವ್ಯಾ ಏನಾದ್ರೂ ಅಂದ್ರೆ?"

"ಅಂದ್ರೆ ಅನ್ನಿಸ್ಕೊಳ್ಳಿ."

ಅಪಾರ್ಟ್‌ಮೆಂಟಿನ ಬಾಗಿಲು ತೆರೆದ ನವ್ಯಾ ಗಂಡನ ಹಿಂದೆ ನಿಂತಿದ್ದವನನ್ನು ನೋಡಿದಳು. ಮುಖ ಬಿಗಿದುಕೊಂಡಿತು. ಅವನ ಮೊಣಕೈವರೆಗೆ ಮೆತ್ತಿದ್ದ ಕೆಸರನ್ನೂ, ಎರಡು ದಿನದ ಮೇಲೆ ಸ್ವಲ್ಪ ಸಡಿಲವಾಗಿದ್ದ ಗಂಡನ ಮುಖವನ್ನೂ ನೋಡಿದಳು.

"ಬಾತ್‌ರೂಮು ಆ ಕಡೆ," ಎಂದಳು. "ಕೈ ತೊಳ್ಕೊಂಡು ಬನ್ನಿ. ಸಾರು ಬಿಸಿ ಮಾಡ್ತೀನಿ."