ಬಲಕ್ಕೆ ತಿರುಗಿದ ನಾಬು

ಅವನಿಗೆ ಭೂತಗನ್ನಡಿ ಎಂಬ ಅಡ್ಡಹೆಸರು ಇಟ್ಟವರು ಆಫೀಸಿನವರು. ವಿಮಾ ಕಂಪನಿಗೆ ಪರಿಹಾರ ಕೇಳಿ ಬಂದವರ ಮಾತು ನಿಜವೋ ಸುಳ್ಳೋ ಎಂದು ಪತ್ತೆ ಮಾಡುವುದು ಅವನ ಕೆಲಸ. ಅಂಗಡಿ ಸುಟ್ಟುಹೋಯಿತು ಎಂದರೆ ಬೂದಿ ಮುಟ್ಟಿ ನೋಡುತ್ತಿದ್ದ, ಕಾಲು ಮುರಿಯಿತು ಎಂದರೆ ಮೆಟ್ಟಿಲು ಅಳೆಯುತ್ತಿದ್ದ. ಊರಿಗೆ ಊರೇ ತನ್ನ ಕಿವಿ ಮೇಲೆ ಹೂವಿಡಲು ಹೊಂಚುಹಾಕಿ ಕೂತಿದೆ ಎಂದು ಅವನು ನಂಬಿದ್ದ. ಸಂಬಳ ತಂದುಕೊಡುವ ನಂಬಿಕೆಯಾದ್ದರಿಂದ ಮನೆಗೆ ಬಂದಾಗಲೂ ಅದನ್ನು ಚಪ್ಪಲಿಯ ಜೊತೆ ಹೊರಗೆ ಬಿಡುತ್ತಿರಲಿಲ್ಲ.

ಅವನು ನಿರಾಳವಾಗಿ ಕೂರುತ್ತಿದ್ದುದು ಒಂದೇ ಕಡೆ, ನಡುಮನೆಯಲ್ಲಿ, ತನ್ನ ಎರಡು ಸ್ಪೀಕರುಗಳ ಎದುರು. ರೆಕಾರ್ಡ್ ಪ್ಲೇಯರು ಕಿಟಕಿಯ ಪಕ್ಕ, ಪವರ್ ಆಂಪ್ಲಿಫೈಯರು ನೆಲದ ಮೇಲೆ, ಇವೆರಡರ ನಡುವೆ ಕಪಾಟಿನಲ್ಲಿ ಪ್ರಿಆಂಪ್. ರೆಕಾರ್ಡಿನ ಮೇಲೆ ಓಡುವ ಮುಳ್ಳು ಎತ್ತಿಕೊಡುವ ಸದ್ದು ತೀರಾ ಸಣ್ಣದು, ಸೊಳ್ಳೆ ಕೂಡ ಅದಕ್ಕಿಂತ ಜೋರಾಗಿ ಹಾಡೀತು. ಆ ಸದ್ದನ್ನು ಕೈಗೆ ತೆಗೆದುಕೊಂಡು, ಎಷ್ಟು ಬೇಕೆಂದು ನಿರ್ಧರಿಸಿ, ತನ್ನದೇನೂ ಬೆರೆಸದೆ ಮುಂದಕ್ಕೆ ಕಳಿಸುವುದು ಪ್ರಿಆಂಪಿನ ಕೆಲಸ. ಒಳ್ಳೆಯ ಪ್ರಿಆಂಪ್ ಎಂದರೆ ಒಳ್ಳೆಯ ಸಾಕ್ಷಿ, ಕೇಳಿದ್ದನ್ನಷ್ಟೇ ಹೇಳುತ್ತದೆ ಎಂದು ಭೂತಗನ್ನಡಿ ಬಂದವರಿಗೆಲ್ಲ ಹೇಳುತ್ತಿದ್ದ. ಬಂದವರು ಗಡಿಯಾರ ನೋಡುತ್ತಿದ್ದರು.

ಆ ಸಾಕ್ಷಿಗೆ ಈಗ ವಯಸ್ಸಾಗಿತ್ತು. ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಹೊಸದು ಕೊಳ್ಳಬೇಕು ಎಂದು ಅವನು ಯೋಚಿಸುತ್ತಿದ್ದ ದಿನಗಳಲ್ಲೇ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಎಡ ಬಲ ಸ್ಪೀಕರುಗಳ ಸದ್ದನ್ನು ಹೆಚ್ಚುಕಡಿಮೆ ಮಾಡುವ ಬ್ಯಾಲೆನ್ಸ್ ನಾಬನ್ನು ಅವನು ಸರಿಯಾಗಿ ನಡುವಿಗೆ ಇಟ್ಟು ಹೋಗುತ್ತಿದ್ದ. ಸಂಜೆ ಬಂದು ನೋಡಿದರೆ ಅದು ಬಲಕ್ಕೆ ತಿರುಗಿರುತ್ತಿತ್ತು. ಒಂದು ದಿನವಾದರೆ ಬಟ್ಟೆ ತಾಗಿರಬಹುದು, ದಿನವೂ ತಾಗುವ ಬಟ್ಟೆ ಯಾವುದು? ಅವನು ನಾಬಿಗೂ ಕಪಾಟಿಗೂ ಅಡ್ಡವಾಗಿ ಒಂದು ಎಳೆ ದಾರ ಅಂಟಿಸಿ ಆಫೀಸಿಗೆ ಹೋದ. ಸಂಜೆ ದಾರ ನೆಲದ ಮೇಲಿತ್ತು, ನಾಬು ಬಲಕ್ಕೆ ಹೊರಳಿತ್ತು.

ಮನೆಯಲ್ಲಿದ್ದವರು ಇಬ್ಬರೇ. ಹೆಂಡತಿ ಗ್ರಂಥಾಲಯದ ಕೆಲಸ ಮುಗಿಸಿ ಅವನಿಗಿಂತ ಮೊದಲೇ, ಮಧ್ಯಾಹ್ನವೇ ಮನೆ ಸೇರುತ್ತಿದ್ದಳು ನಿಜ. ಆದರೆ ಮದುವೆಯಾದಾಗಿನಿಂದ ಆ ಕಪಾಟನ್ನು ಅವಳು ಧೂಳು ಒರೆಸಲಿಕ್ಕೆ ಬಿಟ್ಟು ಮುಟ್ಟಿದ್ದನ್ನು ಅವನು ಕಂಡಿರಲಿಲ್ಲ. ಹಾಗಾದರೆ ಉಳಿದವನು ಅವಳ ತಮ್ಮ. ಆ ಭಾವಮೈದುನ ಹಳೆಯ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡಿ ಮಾರುವವನು, ಈಚೆಗೆ ಮಧ್ಯಾಹ್ನದ ಹೊತ್ತು ಅಕ್ಕನ ಮನೆಗೆ ಬಂದುಹೋಗುವುದು ಹೆಚ್ಚಾಗಿತ್ತು. ಹೋದ ವಾರ ಸಿಕ್ಕಾಗ ತಾನಾಗಿಯೇ ಬಾಯಿಬಿಟ್ಟಿದ್ದ.

"ಭಾವ, ಪ್ರಿಆಂಪ್ ತಗೊಳ್ಳೋದಾದ್ರೆ ನನ್ನ ಹತ್ರ ಒಂದಿದೆ. ಹಳೇದು, ಆದ್ರೆ ಗಟ್ಟಿ ಮಾಲು. ಬೇರೆ ಯಾವುದೇ ತಗೊಂಡ್ರೂ ಪರವಾಗಿಲ್ಲ, ಬ್ಯಾಲೆನ್ಸ್ ನಾಬು ಇರೋದೇ ಇರಲಿ."

ಭೂತಗನ್ನಡಿಗೆ ಕಥೆ ಅಲ್ಲಿಗೆ ಪೂರ್ತಿಯಾಯಿತು. ಇವನು ಮಧ್ಯಾಹ್ನ ಬಂದು ನಾಬು ತಿರುಗಿಸುತ್ತಾನೆ, ಭಾವ ಸಂಜೆ ಬಂದು ಒಂದು ಕಡೆ ಸದ್ದು ಕಮ್ಮಿಯಾಯಿತು, ಯಂತ್ರ ಕೆಟ್ಟಿತು ಎಂದುಕೊಳ್ಳುತ್ತಾನೆ, ಇವನ ಗುಜರಿ ಮಾಲು ಮನೆಗೆ ಬರುತ್ತದೆ. ಸ್ವಂತ ಭಾವನಿಗೇ ಟೋಪಿ. ಸಿಟ್ಟು ಬಂತು, ಜೊತೆಗೆ ಪತ್ತೆ ಹಚ್ಚಿದ ಖುಷಿಯೂ ಆಯಿತು.

ಆ ಶನಿವಾರ ಅವನು ಪೇಟೆಯ ದೊಡ್ಡ ಆಡಿಯೊ ಅಂಗಡಿಗೆ ಹೋದ. ನೆಲಕ್ಕೆ ದಪ್ಪ ಕಂಬಳಿ, ಗೋಡೆಗೆ ಸ್ಪಂಜು. ಅಂಗಡಿಯವನ ಮಾತೂ ಅಷ್ಟೇ ಮೆತ್ತಗಿತ್ತು.

"ಸರ್, ಒಳ್ಳೇ ಪ್ರಿಆಂಪಲ್ಲಿ ಬ್ಯಾಲೆನ್ಸ್ ನಾಬೇ ಇರಲ್ಲ. ಸದ್ದು ದಾಟೋ ದಾರೀಲಿ ಅದೊಂದು ಹೆಚ್ಚಿನ ತಡೆ. ನೋಡಿ ಇದರಲ್ಲಿ, ಎರಡೇ ನಾಬು. ಯಾವುದರ ಸದ್ದು ಬೇಕು, ಎಷ್ಟು ಬೇಕು, ಅಷ್ಟೇ."

ಅವನು ಮೊದಲು ಸಾಧಾರಣ ಪ್ರಿಆಂಪಿನಲ್ಲಿ ಒಂದು ಹಾಡು ಹಾಕಿದ, ಆಮೇಲೆ ಅದೇ ಹಾಡನ್ನು ದುಬಾರಿಯದರಲ್ಲಿ. ದುಬಾರಿಯದು ಎದ್ದು ಬಂದ ಹಾಗೆ ಕೇಳಿತು. ಭೂತಗನ್ನಡಿ ತಲೆದೂಗಲಿಲ್ಲ.

"ಎರಡನೇದಕ್ಕೆ ವಾಲ್ಯೂಮ್ ಚೂರು ಜಾಸ್ತಿ ಇಟ್ರಿ ಅಲ್ವಾ?"

ಅಂಗಡಿಯವನು ಕೆಮ್ಮಿದ. ಒಂದೇ ಹಾಡನ್ನು ಕೂದಲೆಳೆಯಷ್ಟು ಜೋರಾಗಿ ಕೇಳಿಸಿದರೂ ಮನುಷ್ಯನ ಕಿವಿ ಅದನ್ನೇ ಚೆಂದ ಅನ್ನುತ್ತದೆ, ಈ ವ್ಯಾಪಾರದ ಹಳೆಯ ಚಮತ್ಕಾರವದು. ಸದ್ದು ಸರಿಸಮ ಮಾಡಿಸಿ ಮತ್ತೆ ಕೇಳಿದಾಗ ವ್ಯತ್ಯಾಸ ಇದ್ದದ್ದು ತೀರಾ ಸ್ವಲ್ಪ. ಆದರೂ ಇತ್ತು, ಹಾಡುವವಳ ಉಸಿರು ಸ್ಪಷ್ಟವಾಗಿತ್ತು.

"ನಿಮ್ಮನ್ನ ಏಮಾರಿಸೋಕೆ ಆಗಲ್ಲ ಬಿಡಿ," ಎಂದ ಅಂಗಡಿಯವನು. "ಈಗ ಕಣ್ಣು ಮುಚ್ಚಿ. ಹಾಡೋರು ಎಲ್ಲಿ ನಿಂತಿದ್ದಾರೆ?"

"ನಡುವೆ. ತಬಲಾ ಬಲಕ್ಕೆ, ಸ್ವಲ್ಪ ಹಿಂದೆ."

"ಈಗ ಬಲಗಿವಿಗೆ ಬೆರಳಿಡಿ. ಈಗ ಎಲ್ಲಿ?"

ಭೂತಗನ್ನಡಿ ಬೆರಳಿಟ್ಟ. ಎಲ್ಲರೂ ಎದ್ದು ಎಡಕ್ಕೆ ಹೋಗಿ ಒಂದೇ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು.

"ನೋಡಿದ್ರಾ, ಜಾಗ ಗೊತ್ತಾಗೋದು ಎರಡು ಕಿವಿ ಇದ್ರೆ ಮಾತ್ರ. ಅದಕ್ಕೇ ಸ್ಟೀರಿಯೊ ಅನ್ನೋದು," ಎಂದು ಅಂಗಡಿಯವನು ತಾನೇ ಕಂಡುಹಿಡಿದವನ ಹಾಗೆ ನಕ್ಕ. ಸೋಮವಾರ ಬಂದು ಒಯ್ಯುತ್ತೇನೆ ಎಂದು ಹೇಳಿ ಭೂತಗನ್ನಡಿ ಮನೆಗೆ ಬಂದ.

ಊಟಕ್ಕೆ ಕೂತಾಗ ವಿಷಯ ತೆಗೆದ. ಎರಡೇ ನಾಬಿನ ಪ್ರಿಆಂಪಿನ ಗುಣಗಾನ ಮುಗಿಯುವ ತನಕ ಹೆಂಡತಿ ಅವನ ತುಟಿಯನ್ನೇ ನೋಡುತ್ತ ಕೇಳಿದಳು. ಆಮೇಲೆ ತಟ್ಟೆ ನೋಡುತ್ತ ಅಂದಳು:

"ಯಾವುದಾದ್ರೂ ತಗೊಳ್ಳಿ. ಬ್ಯಾಲೆನ್ಸ್ ನಾಬು ಇರೋದೇ ಇರಲಿ."

ಅವನ ಕಿವಿ ನೆಟ್ಟಗಾಯಿತು. ಇಬ್ಬರು ಸಾಕ್ಷಿಗಳ ಬಾಯಲ್ಲಿ ಅಕ್ಷರ ಬಿಡದೆ ಒಂದೇ ಮಾತು ಬಂದರೆ ಅವರನ್ನು ಕೂರಿಸಿ ಕಲಿಸಲಾಗಿದೆ ಎಂದು ಅರ್ಥ. ಇದು ಅವನ ವೃತ್ತಿಯ ಮೊದಲ ಪಾಠ. ಅಲ್ಲಿಯವರೆಗೆ ಭಾವಮೈದುನನ ಮೇಲಷ್ಟೇ ಇದ್ದ ಅನುಮಾನ ಈಗ ತಟ್ಟೆಯ ಆಚೆ ಕೂತವಳ ಮೇಲೂ ಬಂತು. ಒಂದು ಸಲ ಬಂದಮೇಲೆ ಹಳೆಯದೆಲ್ಲ ಸಾಲುಗಟ್ಟಿ ನಿಂತಿತು. ಈಚೆಗೆ ಅವಳು ಮಂಚದಲ್ಲಿ ಮಲಗುವ ಬದಿ ಬದಲಿಸಿದ್ದಳು. ಬೀದಿಯಲ್ಲಿ ನಡೆಯುವಾಗ ಸುತ್ತು ಹಾಕಿಕೊಂಡು ಬಂದು ಅವನ ಬಲಕ್ಕೇ ಸೇರುತ್ತಿದ್ದಳು. ತಮ್ಮನ ಫೋನು ಬಂದರೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಬಟ್ಟೆ ಕೊಳ್ಳಲಿಕ್ಕೆಂದು ತಮ್ಮನ ಜೊತೆ ಹೋದವಳು ಬರಿಗೈಯಲ್ಲಿ ಬಂದಿದ್ದಳು. ಅವನು ಕೂಗಿದರೆ ಎಷ್ಟೋ ಸಲ ಓಗೊಡುತ್ತಿರಲಿಲ್ಲ. ಇಷ್ಟು ವರ್ಷ ಜೊತೆಗಿದ್ದು ತನಗೇ ಹೀಗೆ ಮಾಡುತ್ತಾಳೆಯೇ ಎಂದು ಅವನಿಗೆ ನಿಜವಾಗಿ ನೋವಾಯಿತು. ಪ್ರಿಆಂಪಿನ ಮಾತು ಹಾಗಿರಲಿ, ಈ ಮನೆಯಲ್ಲಿ ತಾನು ನಂಬಬಹುದಾದವರು ಯಾರಾದರೂ ಇದ್ದಾರೆಯೇ ಎಂಬುದೇ ಈಗ ಪ್ರಶ್ನೆಯಾಗಿತ್ತು.

ಭಾನುವಾರ ಬೆಳಿಗ್ಗೆ ಅವಳು ಕಿಟಕಿಯ ಬಳಿ ನಿಂತು ಇಸ್ತ್ರಿ ಮಾಡುತ್ತಿದ್ದಳು. ಅವನು ಹಿಂದಿನಿಂದ ಹೋಗಿ ಅವಳ ಬಲಭುಜದ ಹತ್ತಿರ ನಿಂತ. ಜೋರು ಮಾಡಿದರೆ ಕಳ್ಳರು ಎಚ್ಚರವಾಗುತ್ತಾರೆ ಎಂಬುದು ಅವನ ಅನುಭವ, ಆದ್ದರಿಂದ ಮೆಲ್ಲಗೆ ಕೇಳಿದ.

"ನಿನ್ನ ತಮ್ಮ ನಿನಗೆ ಎಷ್ಟು ಕಮಿಷನ್ ಕೊಡ್ತೀನಿ ಅಂದಿದ್ದಾನೆ?"

ಇಸ್ತ್ರಿಪೆಟ್ಟಿಗೆ ಅಂಗಿಯ ತೋಳಿನ ಮೇಲೆ ಹೋಗಿ ಬಂತು, ಹೋಗಿ ಬಂತು. ಅವನು ಅವಳ ಕೈಯನ್ನೇ ನೋಡಿದ. ಸಿಕ್ಕಿಬಿದ್ದವರ ಕೈ ಒಂದು ಕ್ಷಣವಾದರೂ ತಡೆಯುತ್ತದೆ, ಇವಳದು ತಡೆಯಲಿಲ್ಲ. ಅಷ್ಟು ಗಟ್ಟಿಯೇ ಇವಳು? ಅಥವಾ ಕೇಳಿಸದವಳ ಹಾಗೆ ನಟಿಸುತ್ತಿದ್ದಾಳೆಯೇ?

ನಟನೆ ಹಿಡಿಯುವ ಉಪಾಯ ಅವನಿಗೆ ಗೊತ್ತಿತ್ತು. ಹೋದ ಚಳಿಗಾಲದಲ್ಲಷ್ಟೇ ಒಬ್ಬನನ್ನು ಹಿಡಿದಿದ್ದ. ಬಾಯ್ಲರ್ ಸಿಡಿದು ಬಲಗಿವಿ ಪೂರ್ತಿ ಹೋಯಿತು ಎಂದು ಪರಿಹಾರ ಕೇಳಿದ್ದ ಕಾರ್ಖಾನೆಯ ಕೆಲಸಗಾರ ಅವನು. ಕ್ಯಾಂಟೀನಿನಲ್ಲಿ ಅವನು ಚಹಾ ಕುಡಿಯುತ್ತಿದ್ದಾಗ ಭೂತಗನ್ನಡಿ ಅವನ ಬಲಕ್ಕೆ, ಹಿಂದುಗಡೆ, ಒಂದು ಚಮಚ ಬೀಳಿಸಿದ್ದ. ಕೆಲಸಗಾರ ತಟ್ಟನೆ ತಿರುಗಿ ನೋಡಿದ್ದ. ಅರ್ಜಿ ಅಲ್ಲಿಗೇ ಬಿದ್ದುಹೋಯಿತು. ಆ ದಿನ ಊಟದ ಹೊತ್ತಿಗೆ ಅವನು ಇದನ್ನು ಅಭಿನಯಿಸಿ ತೋರಿಸಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ. ಹೆಂಡತಿ ನೀರು ತರುತ್ತೇನೆಂದು ಎದ್ದುಹೋಗಿದ್ದಳು.

ಈಗ ಅವನು ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಅವಳ ಬಲಗಡೆ ನೆಲಕ್ಕೆ ಬಿಟ್ಟ.

ಅವಳು ಬೆಚ್ಚಿ ಎಡಕ್ಕೆ ತಿರುಗಿದಳು. ಎಡಕ್ಕೆ ಬರಿಯ ಗೋಡೆ. ಆಮೇಲೆ ಬಾಗಿಲ ಕಡೆ ನೋಡಿ, "ಯಾರು ಬಂದ್ರು?" ಎಂದಳು. ಯಾರೂ ಕಾಣದೆ ಸುತ್ತಲೂ ನೋಡುತ್ತ ಬಂದಾಗ ಕೊನೆಗೆ, ಒಂದು ಮೊಳ ದೂರದಲ್ಲಿ, ತನ್ನ ಬಲಕ್ಕೆ, ಗಂಡ ಕಂಡ.

ಅವಳು ಅವನನ್ನು ನೋಡಿದಳು. ನೆಲದ ಮೇಲಿದ್ದ ಗೊಂಚಲನ್ನು ನೋಡಿದಳು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿಟ್ಟಳು.

"ಚಮಚ ಸಿಗಲಿಲ್ವಾ?" ಎಂದಳು.

ಬಲಕ್ಕೆ ತಿರುಗಿದ ನಾಬು, ಮಂಚದ ಬದಿ, ಬೀದಿಯ ಸುತ್ತು, ಓಗೊಡದ ಕೂಗು ಎಲ್ಲವೂ ಒಂದೇ ಏಟಿಗೆ ತಮ್ಮ ತಮ್ಮ ಜಾಗದಲ್ಲಿ ಹೋಗಿ ಕೂತವು. ಅವನ ಬಾಯಿಗೆ ಬಂದದ್ದು ಮಾತ್ರ ವಿಚಾರಣೆಯ ಹಳೆಯ ಮಾತೇ.

"ಯಾವತ್ತಿಂದ?"

ಅವಳಿಗೆ ನಗು ಬಂತು, ಖುಷಿಯ ನಗುವಲ್ಲ. "ಇದನ್ನೇ ಮೊದಲು ಕೇಳ್ತೀರಿ ಅಂತ ತಮ್ಮನ ಹತ್ರ ಹೇಳಿದ್ದೆ. ಚಳಿಗಾಲಕ್ಕೆ ಮುಂಚೆ ನಂಗೆ ಜ್ವರ ಬಂದಿತ್ತಲ್ಲ, ಆವಾಗಿಂದ. ಬಲಗಿವಿ ಸತ್ತುಹೋಗಿದೆ. ಇನ್ನು ಬರಲ್ಲ ಅಂದ್ರು ಡಾಕ್ಟ್ರು. ತಮ್ಮನೇ ಕರ್ಕೊಂಡು ಹೋಗಿದ್ದ."

"ಅವನಿಗೆ ಹೇಳಿದೆ. ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ?"

ನಂಬುತ್ತಿದ್ದೆ ಎಂದು ಹೇಳಲು ಅವನು ಬಾಯಿ ತೆರೆದ. ಗೊಂಚಲು ಇನ್ನೂ ನೆಲದ ಮೇಲೇ ಇತ್ತು. ಅವನು ಬಗ್ಗಿ ಅದನ್ನು ಎತ್ತಿಕೊಂಡ, ಅಷ್ಟೇ.

ಸಂಜೆ ನೀವು ಬರೋ ಮುಂಚೆ ಒಂದು ಗಂಟೆ ಹಾಡು ಕೇಳ್ತೀನಿ ಎಂದು ಅವಳೇ ಮುಂದುವರಿಸಿದಳು. ಎಷ್ಟೋ ವರ್ಷದಿಂದ ಕೇಳುತ್ತಿದ್ದಾಳಂತೆ. ಅವನು ಮನೆಯಲ್ಲಿದ್ದಾಗ ಹಾಕಿದರೆ ಹಾಡಿಗಿಂತ ಯಂತ್ರದ ವಿವರಣೆಯೇ ಹೆಚ್ಚಾಗುತ್ತದೆ ಎಂದು ಒಬ್ಬಳೇ ಕೇಳುವುದು ರೂಢಿಯಾಗಿತ್ತು. ಕಿವಿ ಹೋದಮೇಲೆ ಬಲಗಡೆಯ ಸ್ಪೀಕರು ದೂರ ಹೋದ ಹಾಗಾಯಿತು. ನಾಬನ್ನು ಬಲಕ್ಕೆ ತಿರುಗಿಸಿದರೆ ತಬಲಾ ವಾಪಸು ಬರುತ್ತಿತ್ತು. ತಿರುಗಿಸಿದ್ದನ್ನು ನಡುವಿಗೆ ತರಲು ಮಾತ್ರ ಪ್ರತಿ ಸಲವೂ ಮರೆಯುತ್ತಿದ್ದಳು.

ಸೋಮವಾರ ಅವನು ದೊಡ್ಡ ಅಂಗಡಿಯ ಕಡೆ ಹೋಗಲಿಲ್ಲ, ಭಾವಮೈದುನನ ಕೋಣೆಗೆ ಹೋದ. ಮುಚ್ಚಳ ಬಿಚ್ಚಿದ ರೇಡಿಯೊಗಳ ನಡುವೆ ಅವನು ಎತ್ತಿಟ್ಟಿದ್ದ ಪ್ರಿಆಂಪಿನಲ್ಲಿ ಬ್ಯಾಲೆನ್ಸ್ ನಾಬಿನ ಪಕ್ಕ ಮೋನೊ ಎಂಬ ಒಂದು ಗುಂಡಿಯೂ ಇತ್ತು. ಅದನ್ನು ಒತ್ತಿದರೆ ಎರಡೂ ಬದಿಯ ಸದ್ದು ಬೆರೆತು ಎರಡು ಸ್ಪೀಕರುಗಳಲ್ಲೂ ಒಂದೇ ಆಗಿ ಬರುತ್ತದೆ, ಒಂದೇ ಕಿವಿಯಿಂದ ಕೇಳಿದರೂ ಏನೂ ತಪ್ಪಿಹೋಗುವುದಿಲ್ಲ.

"ಇಂಥದ್ದು ಹುಡುಕೋಕೆ ಅಲೆದಾಡಿ ಸಾಕಾಯ್ತು ಭಾವ. ಈಗ ಯಾರೂ ಮಾಡಲ್ಲ," ಎಂದ ಭಾವಮೈದುನ. ಭೂತಗನ್ನಡಿ ಮುಚ್ಚಳ ಬಿಚ್ಚಿ ತೋರಿಸು ಎನ್ನಲಿಲ್ಲ. ಅದು ಅವನಿಗೆ ಸುಲಭವಾಗಿರಲಿಲ್ಲ ಎಂಬುದನ್ನು ಯಾರಾದರೂ ಒಪ್ಪಬೇಕು.

ಆ ಸಂಜೆ ತಂತಿಗಳನ್ನು ಜೋಡಿಸಿದ ಮೇಲೆ ಅವಳು ಮೊದಲ ಬಾರಿಗೆ ಅವನ ಕಣ್ಣೆದುರೇ ಕಪಾಟಿನ ಬಳಿ ಕೂತು ಗುಂಡಿ ಒತ್ತಿ, ಬಿಟ್ಟು, ನಾಬು ತಿರುಗಿಸಿ ನೋಡಿದಳು. ಅವನು ಅವಳ ಎಡಕ್ಕೆ ಕೂತ. ಹಾಡು ಶುರುವಾಯಿತು. ವಿವರಣೆ ಕೊಡದೆ ಕೂತಿರುವುದನ್ನು ಅವನು ಕಲಿಯುತ್ತಿದ್ದ. ಅರ್ಧ ಹಾಡಿಗೆ, ಜಾಗ ಗೊತ್ತಾಗೋದು ಎರಡು ಕಿವಿ ಇದ್ರೆ ಮಾತ್ರ ಎಂಬ ಅಂಗಡಿಯವನ ಮಾತು ನೆನಪಾಯಿತು, ಆಮೇಲೆ ಕ್ಯಾಂಟೀನು ನೆನಪಾಯಿತು.

"ಆ ಬಾಯ್ಲರಿನವನು," ಎಂದ. "ಚಮಚ ಬಿದ್ದಿದ್ದು ಅವನ ಬಲಕ್ಕೆ. ಅವನು ತಿರುಗಿದ್ದು ಎಡಕ್ಕೆ."

"ಹೂಂ."

"ನಿನ್ನ ಹಾಗೇ."

"ಹೂಂ. ಅವತ್ತು ಊಟಕ್ಕೆ ಕೂತಾಗ ನೀವೇ ಹೇಳಿದ್ರಲ್ಲ. ಬಲಗಡೆ ಬೀಳಿಸಿದ್ರೆ ಎಡಗಡೆ ನೋಡ್ತಾನೆ, ನಾಟಕನಾದ್ರೂ ಸರಿಯಾಗಿ ಕಲಿಯಬಾರದಾ ಅಂತ. ಆವಾಗಲೇ ನನಗೆ ಗೊತ್ತಾಯ್ತು ಅವನು ಸುಳ್ಳು ಹೇಳ್ತಿಲ್ಲ ಅಂತ."

"ಮತ್ತೆ ಆವಾಗಲೇ ಯಾಕೆ ಹೇಳಲಿಲ್ಲ?"

ಅವಳು ವಾಲ್ಯೂಮನ್ನು ಸ್ವಲ್ಪ ತಗ್ಗಿಸಿದಳು. ಹೊಸ ನಾಬು ಕರಕರ ಎನ್ನಲಿಲ್ಲ.

"ನೀವು ನಗ್ತಾ ಇದ್ರಿ," ಎಂದಳು.