ಕುಂತ್ಕಳ್ರಿ

ಆದಿವಾಲದ ಮೂಡಲಗಿರಿಯಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ನಾಯಿಮರಿ ಚುಕ್ಕಿಗೆ ಕೂರುವುದನ್ನು ಕಲಿಸಲು ಹೊರಟು ಹದಿನೈದು ದಿನವಾಗಿತ್ತು. ಬೆಳಿಗ್ಗೆ "ಕೂರು" ಎನ್ನುತ್ತಿದ್ದ, ಮಧ್ಯಾಹ್ನ "ಕುಂದ್ರಲೇ" ಎಂದು ಗದರುತ್ತಿದ್ದ, ಸಂಜೆ ಮಗಳಿಂದ ಕಲಿತ ಇಂಗ್ಲಿಷಿನಲ್ಲಿ "ಸಿಟ್" ಎಂದು ಕಿರುಚುತ್ತಿದ್ದ. ಚುಕ್ಕಿ ಹೆದರಿ ಮಂಚದಡಿ ಸೇರುತ್ತಿತ್ತು.

"ಇದರ ತಲ್ಯಾಗೆ ಮೆದುಳೇ ಇಲ್ಲ" ಎಂದು ತೀರ್ಪು ಕೊಟ್ಟ.

ಆ ಭಾನುವಾರ ಹಿರಿಯೂರಿನಿಂದ ಗೆಳೆಯ ಫಜಲುಲ್ಲಾ ಬಂದ. ಮೂಡಲಗಿರಿಯಪ್ಪನ ಹೆಂಡತಿ ಏಕಾಂತಮ್ಮ ಎಂದಿನಂತೆ ನಗುತ್ತಾ, "ಬರ್ರಿ, ಕುಂತ್ಕಳ್ರಿ" ಎಂದಳು. ಫಜಲುಲ್ಲಾ ಕುರ್ಚಿ ಎಳೆದುಕೊಳ್ಳುವ ಮೊದಲೇ ಚುಕ್ಕಿ ಓಡಿಬಂದು, ಅವಳೆದುರು ಹಿಂಗಾಲು ಮಡಚಿ ಕೂತು ಬಾಲ ಆಡಿಸತೊಡಗಿತು.

ಮೂಡಲಗಿರಿಯಪ್ಪ ದಂಗಾದ. "ಇದಕ್ಕೆ ಯಾವಾಗ ಕಲಿಸಿದ್ಯೇ?"

"ನಾನೇನ್ ಕಲಿಸ್ಲಿಲ್ಲ. ಬಂದೋರಿಗೆಲ್ಲ ಅದೊಂದೇ ಮಾತು ಅಂತೀನಿ, ಬಿಸ್ಕತ್ತು ಕೊಡ್ತೀನಿ. ಇದಕ್ಕೂ ಒಂದ್ ಚೂರು ಹಾಕ್ತೀನಿ."

ಫಜಲುಲ್ಲಾ ನಕ್ಕ. "ಲೇ, ನೀನು ದಿನಕ್ಕೆ ಮೂರು ಮಾತು ಹೇಳ್ತೀಯ, ಮೂರೂ ಬೈದಂಗೇ ಐತೆ. ಅದು ಯಾವುದನ್ನ ಕಲೀಬೇಕಪ್ಪ?"

ಏಕಾಂತಮ್ಮ ತಂದ ಟೀ ತಟ್ಟೆಯಿಂದ ಮೂಡಲಗಿರಿಯಪ್ಪ ಒಂದು ಬಿಸ್ಕತ್ತು ಎತ್ತಿ ಮುರಿದು ಹಿಡಿದ. ಚುಕ್ಕಿ ಎದ್ದು ಅನುಮಾನದಿಂದ ಹತ್ತಿರ ಬಂತು. ಆತ ಗಂಟಲು ಸರಿಮಾಡಿಕೊಂಡು ಮೆಲ್ಲಗೆ, "ಕುಂತ್ಕಳ್ರಿ" ಎಂದ. ಅದು ಕೂತಿತು.

"ಮದುವ್ಯಾಗಿ ಮೂವತ್ತು ವರ್ಷ ಆತು. ನನಗೊಂದಿನ ಹಂಗಂದಿಲ್ಲ" ಎಂದಳು, ಟೀ ತಟ್ಟೆ ಹಿಡಿದು ಇನ್ನೂ ನಿಂತೇ ಇದ್ದ ಏಕಾಂತಮ್ಮ.

ಆತ ಎದ್ದು ತನ್ನ ಕುರ್ಚಿಯನ್ನು ಅವಳತ್ತ ಸರಿಸಿದ.

"ಕುಂತ್ಕಳ್ರಿ."

ಬಿಸ್ಕತ್ತು ಮುಗಿಸಿ ಎದ್ದಿದ್ದ ಚುಕ್ಕಿ, ಏಕಾಂತಮ್ಮನಿಗಿಂತ ಮೊದಲೇ ಕೂತಿತು.