ಒತ್ತಾಯವಿಲ್ಲದ ಊಟ

ಸೊಸೆ ಮೃಣಾಲಳ ಮೇಲೆ ವತ್ಸಲಾಬಾಯಿಗೆ ಸಿಟ್ಟು ಬರುವುದು ಹೊಸದೇನಲ್ಲ. ಆದರೆ ಆ ತಕ್ಕಡಿಯನ್ನು ಕಂಡ ದಿನ ಬಂದಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಕೈ ತೊಳೆಯುವ ಜಾಗದ ಪಕ್ಕದ ಕಟ್ಟೆಯ ಮೇಲೆ ಕಿರಾಣಿ ಅಂಗಡಿಯಲ್ಲಿ ಇರುವಂಥದ್ದೇ ಒಂದು ತಕ್ಕಡಿ, ಅದರ ಮೇಲೊಂದು ಬುಟ್ಟಿ. ಉಂಡೆದ್ದವರು ತಾಟಿನಲ್ಲಿ ಬಿಟ್ಟದ್ದನ್ನು ಅದರೊಳಗೆ ಸುರಿಯಬೇಕು. ಎಷ್ಟು ಚೆಲ್ಲಿದಿರಿ ಎಂಬುದನ್ನು ಅದು ಎಲ್ಲರೆದುರು ತೋರಿಸುತ್ತದೆ. ಮನೆಗೆ ಬಂದವರ ಎಂಜಲನ್ನು ತೂಗುವುದೇ? ರಾಮ ರಾಮ! ಇಂಥದ್ದನ್ನು ಯಾರಾದರೂ ಕೇಳಿದ್ದುಂಟೇ?

ಮನೆಯೆಂದರೆ ಮನೆಯಲ್ಲ, ವಿಲ್ಲಾ. ಟಿಕೋಟಾ ರಸ್ತೆಯಿಂದ ಒಳಗೆ ತಿರುಗಿದರೆ ದ್ರಾಕ್ಷಿ ತೋಟಗಳ ನಡುವೆ ಸಿಗುವ ಹಿರಿಯರ ಹೊಲದಲ್ಲಿ ಮೃಣಾಲ ಅದನ್ನು ಕಟ್ಟಿಸಿದ್ದಳು. ವತ್ಸಲಾಬಾಯಿಯ ಮಗ ವೇದವ್ಯಾಸ ವಿಜಯಪುರದಲ್ಲಿ ಬ್ಯಾಂಕ್ ನೌಕರ; ಅವನದು ಭಾನುವಾರದ ಯಜಮಾನಿಕೆ ಅಷ್ಟೇ, ನಡೆಸುವವಳು ಹೆಂಡತಿ. ಪುಣೆ, ಹೈದರಾಬಾದಿನಿಂದ ದೊಡ್ಡ ದೊಡ್ಡ ಗಾಡಿಗಳಲ್ಲಿ ಮಂದಿ ಬಂದು ಇಳಿಯುತ್ತಿದ್ದರು. ಮೆತ್ತನೆಯ ಹಾಸಿಗೆ, ಈಜುಕೊಳ, ಹೂವಿನ ಅಂಗಳ, ಯಾವುದಕ್ಕೂ ಕಡಿಮೆಯಿಲ್ಲ. ಆದರೆ ಎಲ್ಲದಕ್ಕೂ ಒಂದು ಕಟ್ಟಳೆ. ಈಜುಕೊಳಕ್ಕೆ ಮಳೆಯ ನೀರಷ್ಟೇ, ಬೋರ್‌ವೆಲ್ ಮುಟ್ಟುವ ಹಾಗಿಲ್ಲ. ಮಳೆ ಕೈಕೊಟ್ಟರೆ ಆ ವರ್ಷ ಈಜೂ ಇಲ್ಲ. ಜಳಕದ ನೀರು ಬಾಳೆಗೆ, ಅಡುಗೆಮನೆಯ ಸಿಪ್ಪೆ ಗೋಬರ್ ಗ್ಯಾಸಿಗೆ. ಪ್ಲಾಸ್ಟಿಕ್ ಬಾಟಲಿ ಗೇಟಿನಾಚೆಯೇ ಉಳಿಯಬೇಕು, ಕೋಣೆಗೊಂದು ಮಣ್ಣಿನ ಹೂಜಿ. ಕಲ್ಲಿನ ಗೋಡೆಗಳು ಮೊಳಕ್ಕಿಂತ ದಪ್ಪ, ಹಾಗಾಗಿ ಏಪ್ರಿಲ್‌ನಲ್ಲೂ ಏಸಿಯ ಗೊಡವೆಯಿಲ್ಲ.

"ನಮ್ಮ ಅತ್ತಿ ಕಾಲದಾಗ ಇದಕ್ಕೆಲ್ಲಾ ಬಡತನಾ ಅಂತಿದ್ರು. ಈಗ ಇದ ಶ್ರೀಮಂತಿಕಿ ಆಗೇತಿ" ಎಂದು ವತ್ಸಲಾಬಾಯಿ ನಗಾಡಿದ್ದಳು. ಹಾಗೆಂದರೂ ಒಳಗೊಳಗೇ ಅವಳಿಗೆ ಸೊಸೆಯ ಬಗ್ಗೆ ಹೆಮ್ಮೆ. ಅಡುಗೆಮನೆಯಂತೂ ಪೂರ್ತಿ ಅವಳ ಕೈಯಲ್ಲಿತ್ತು. ಅರವತ್ತು ದಾಟಿದ ಮೇಲೆ ಇಂಥ ದರ್ಬಾರು ಎಷ್ಟು ಜನರಿಗೆ ಸಿಗುತ್ತದೆ?

ತಕರಾರು ಬಂದದ್ದು ಬಡಿಸುವುದರಲ್ಲಿ. ನಮ್ಮ ಕಡೆ ಉಣ್ಣುವವರು ಮೊದಲ ಸಲ "ಸಾಕ್ರಿ" ಎನ್ನುವುದು ಮರ್ಯಾದೆಗೆ, ಎರಡನೆಯ ಸಲ ಎನ್ನುವುದು ರೂಢಿಗೆ. ಮೂರನೆಯ ಸಲ ಬಡಿಸುವವಳು ಮಾತು ಕೇಳಬಾರದು, ತಾಟಿನ ಮೇಲೆ ಅಡ್ಡ ಹಿಡಿದ ಕೈ ನೋಡಬೇಕು. ಕೈ ಬಿಗಿಯಾಗಿದ್ದರೆ ಹೊಟ್ಟೆ ತುಂಬಿದೆ, ಬೆರಳು ಸಡಿಲಿದ್ದರೆ ಇನ್ನೂ ಜಾಗವಿದೆ. ಕೇಳಿ ಹಾಕಿಸಿಕೊಂಡು ಉಣ್ಣುವವನು ನಾಚಿಕೆಗೆಟ್ಟವನು, ಕೇಳಿ ಕೇಳಿ ಬಡಿಸದವಳು ಕೈ ಬಿಗಿಯಾದವಳು. ಇದು ಯಾರೂ ಯಾರಿಗೂ ಕಲಿಸದ ವಿದ್ಯೆ. ವತ್ಸಲಾಬಾಯಿಯಂತೂ ಅದರಲ್ಲಿ ಪಳಗಿದವಳು. ಅವಳ ಕೈಯಲ್ಲಿ ಹೋಳಿಗೆ ಬುಟ್ಟಿ ಇದ್ದರೆ ತಾಟಿನ ಮುಂದಿನವರು ಏಳುವುದೇ ಕಷ್ಟ.

ಆದರೆ ಪರವೂರಿನವರಿಗೆ ಈ ಕೈಭಾಷೆ ತಿಳಿಯದು. ಒತ್ತಾಯಕ್ಕೆ ಹಾಕಿಸಿಕೊಂಡು ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಮೊದಲ ವರ್ಷ ಬಕೆಟ್‌ಗಟ್ಟಲೆ ಹೋಳಿಗೆ, ತುಪ್ಪ, ಅನ್ನ ಹಾಳಾಗಿ ಹೋಯಿತು. ಗೋಬರ್ ಗ್ಯಾಸಿನ ಗುಂಡಿ ಹುಳಿತು ನಾರಿತು, ನೊಣ ಮುತ್ತಿದವು, ಬೀದಿ ನಾಯಿಗಳು ಡೊಳ್ಳು ಹೊಟ್ಟೆ ಬಿಟ್ಟುಕೊಂಡು ಗೇಟಿನ ಮುಂದೆಯೇ ಸಂಸಾರ ಹೂಡಿದವು. ಒಂದು ದಿನ ಮೃಣಾಲ ಆ ಬಕೆಟ್ ತಂದು ಅತ್ತೆಯ ಮುಂದೆ ಇಟ್ಟಳು.

"ನೋಡ್ರಿ ಅತ್ಯಾ. ಗೇಟಿಗೆ ಭೂಮಿ ಉಳಸ್ತೀವಿ ಅಂತ ಬೋರ್ಡ್ ಹಾಕೇನಿ. ಒಳಗ ನೋಡಿದ್ರ ಇದು. ಯಾವ ಮಾರಿ ಹೊತ್ತು ಮಂದೀಗೆ ಹೇಳ್ಲಿ?"

ಅವಳ ಕಣ್ಣಲ್ಲಿ ನೀರಿತ್ತು. ಅಂದಿನಿಂದ ತಕ್ಕಡಿ ಬಂತು, ಅದರೊಡನೆ ನಿಯಮವೂ ಬಂತು: ಕೇಳಿದವರಿಗಷ್ಟೇ ಬಡಿಸಬೇಕು, ಒತ್ತಾಯ ಕೂಡದು.

ನಿಯಮವನ್ನು ವತ್ಸಲಾಬಾಯಿ ಒಪ್ಪಿಕೊಂಡಳು, ಆದರೆ ಪಾಲಿಸಿದಳು ಎನ್ನಬೇಡಿ. ಸೊಸೆ ಅತ್ತ ತಿರುಗಿದರೆ ಸಾಕು, ಇತ್ತ ಯಾರದೋ ತಾಟಿಗೆ ಹೋಳಿಗೆ ಬೀಳುತ್ತಿತ್ತು. ಪುಣೆಯಿಂದ ಬಂದ ಡಾಕ್ಟರರೊಬ್ಬರು ಪಥ್ಯ ಪಥ್ಯ ಎನ್ನುತ್ತಲೇ ಇದ್ದರೂ ಅವರಿಗೆ ತುಪ್ಪ ಸುರಿದು, "ಸೊಸಿಗೆ ಹೇಳಬ್ಯಾಡ್ರಿ ಮತ್ತ" ಎಂದು ಕಣ್ಣು ಮಿಟುಕಿಸಿದ್ದಳು. ಗಿರಾಕಿಗಳು ಯಾವ ಜಾತಿ, ಯಾವ ಮತ, ಅವಳು ಕೇಳಿದವಳೇ ಅಲ್ಲ. ತಾಟಿನ ಮುಂದೆ ಕೂತವನು ಹಸಿದವನು, ಅಷ್ಟೇ.

ಅವಳ ಮಗಳು ಸ್ನೇಹಲ ಬಂದು ಕುನಾಲನ ಹೆಸರು ಹೇಳುವವರೆಗೆ ಹಾಗೆಯೇ ನಡೆದಿತ್ತು.

ಸ್ನೇಹಲ ವಿಜಯಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಳು. ಕುನಾಲ ವಿಲ್ಲಾದ ಮಾಳಿಗೆಗೆ ಸೋಲಾರ್ ಹಾಕಲು ಬಂದ ಎಂಜಿನಿಯರ್. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಸೋಲಾರ್ ಕೆಲಸ ಮುಗಿದ ಮೇಲೂ ಅವನು ಬರುತ್ತಲೇ ಇದ್ದಾಗ ಮೃಣಾಲಳಿಗೆ ಅನುಮಾನ ಬಂದಿತ್ತು. ಹುಡುಗ ಬಬಲೇಶ್ವರದವನು. ತಂದೆ ಭಾಗಪ್ಪ ಸಾಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು, ತಾಯಿ ಸಾವಂತ್ರವ್ವ ಹೊಲ ನೋಡಿಕೊಳ್ಳುವವಳು. ಅವರ ಮನೆಯ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಇಷ್ಟು ಹೇಳಿದರೆ ಸಾಕಲ್ಲ? ವತ್ಸಲಾಬಾಯಿ ನಾಲ್ಕು ತಿಂಗಳು ಅತ್ತಳು, ಉಪವಾಸ ಬಿದ್ದಳು, ಸತ್ತ ಗಂಡನ ಫೋಟೋದ ಮುಂದೆ ದೂರು ಹೇಳಿದಳು. ಮಗಳು ಒಂದೇ ಮಾತಿಗೆ ನಿಂತಳು: "ನೀ ಹೂಂ ಅಂದ್ರ ಅಷ್ಟ ಆಗ್ತೀನಿ. ಇಲ್ಲಂದ್ರ ಹಿಂಗ ಇರ್ತೀನಿ." ಕೊನೆಗೆ ವತ್ಸಲಾಬಾಯಿ ಹೂಂ ಎಂದಳು. ಹುಡುಗನ ಮನೆಯವರು ಮಾತು ಮುಗಿಸಲು ಊಟಕ್ಕೆ ಬರುವುದು ಎಂದಾಯಿತು.

ಅಂದು ಮೃಣಾಲ ವಿಲ್ಲಾದ ಬುಕಿಂಗ್ ನಿಲ್ಲಿಸಿದಳು. ಬೀಗರಿಗಾಗಿ ದೊಡ್ಡ ಪಡಸಾಲೆ ಗುಡಿಸಿ, ಮುತ್ತುಗದೆಲೆಯ ಪತ್ರಾಳಿ ಹಾಕಿ, ತಾಮ್ರದ ತಂಬಿಗೆ ಬೆಳಗಿ ಇಟ್ಟಳು. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಶೇಂಗಾ ಹಿಂಡಿ. ವತ್ಸಲಾಬಾಯಿಯ ಕೈರುಚಿಗೆ ಅಂದೂ ಕುಂದಿರಲಿಲ್ಲ. ಮೊದಲ ಸುತ್ತು ಅವಳೇ ಬಡಿಸಿದಳು. ಸಾವಂತ್ರವ್ವ ಒಂದು ಹೋಳಿಗೆ ಉಂಡು, ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕ್ರಿ ಬಾಯಾರ" ಎಂದಳು. ಬೆರಳುಗಳು ಸಡಿಲವಾಗಿಯೇ ಇದ್ದವು. ವತ್ಸಲಾಬಾಯಿ ಅದನ್ನು ನೋಡಿದಳು. ನೋಡಿ, ಬುಟ್ಟಿ ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಭಾಗಪ್ಪ ಮಾಸ್ತರ "ನನಗೂ ಸಾಕ್ರಿ" ಎಂದ. ಬಡಿಸುವವರಾರೂ "ಇನ್ನೊಂದು" ಎನ್ನಲಿಲ್ಲ. ಕುನಾಲ ತಲೆ ಬಗ್ಗಿಸಿ ಅನ್ನ ಕಲಸಿದ. ಅಷ್ಟರಲ್ಲೇ ಊಟ ಮುಗಿದು ಹೋಯಿತು.

ಅದು ಸಾಲದೆಂಬಂತೆ ಮೃಣಾಲ ಬೀಗರನ್ನು ಕೈ ತೊಳೆಯಲು ಕರೆದೊಯ್ದು ತಕ್ಕಡಿ ತೋರಿಸಿದಳು. ಪಾಪ, ಅವಳಿಗದು ಅಭಿಮಾನದ ಸಂಗತಿ. "ಇವತ್ತ ಒಂದ ಕಾಳೂ ಚೆಲ್ಲಿಲ್ಲ ನೋಡ್ರಿ! ನಮ್ಮಲ್ಲಿ ಒತ್ತಾಯ ಮಾಡಂಗಿಲ್ರಿ, ಕೇಳಿದವರಿಗಷ್ಟ ನೀಡೋದು."

ಸಾವಂತ್ರವ್ವ ಖಾಲಿ ಬುಟ್ಟಿಯನ್ನು ನೋಡಿದಳು, ಸೆರಗಿಗೆ ಕೈ ಒರೆಸಿಕೊಂಡಳು. "ಚಲೋ ಆತು ಬಿಡವಾ" ಎಂದಳು.

ಸಂಜೆ ಕುನಾಲನ ಫೋನು ಬಂತು. ಮಾತಾಡಿ ಮುಗಿಸಿದ ಸ್ನೇಹಲ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಮೃಣಾಲಳೂ ಅಲ್ಲೇ ಇದ್ದಳು.

"ಟಿಕೋಟಾದಾಗ ಗಾಡಿ ನಿಂದ್ರಿಸಿ ಭಜಿ ತಿಂದ್ರಂತ" ಎಂದಳು ಸ್ನೇಹಲ. "ಹೋಳಿಗಿ ಊಟಕ್ಕ ಬಂದವರು ಹಸದ ಹೋಗಿ ಭಜಿ ತಿಂದ್ರಂತ. ಮಾಸ್ತರು ಅಂದ್ರಂತ, ಇವರು ಕಲತ ಮಂದಿ, ಕೈ ಬೀಸಿ ದೂರ ಸರಿ ಅನ್ನಂಗಿಲ್ಲ, ಹಿಂಗ ಅಂತಾರ. ಈ ಸಂಬಂಧ ಬ್ಯಾಡ ಅಂದಾರ."

ಮೃಣಾಲಳ ಮುಖ ಬಿಳಿಚಿತು. "ಅಯ್ಯ ದೇವರ! ನಾ ಎಂಥಾ ಕೆಲಸಾ ಮಾಡೀನಿ. ನಾನೂ ಇದ ಊರಾಗ ಹುಟ್ಟಿದಾಕಿ, ನನಗ ತಿಳೀಬೇಕಿತ್ತಲ್ಲ. ನಾನ ಹೋಗಿ ಕಾಲು ಹಿಡೀತೀನಿ. ನನ್ನ ನಿಯಮದಿಂದ ಆತು."

"ನಿನ್ನಿಂದ ಅಲ್ಲ ವೈನಿ." ಸ್ನೇಹಲ ತಾಯಿಯ ಕಡೆ ತಿರುಗಿದಳು. ದನಿ ಎತ್ತರಿಸಲಿಲ್ಲ. "ಅವ್ವಾ, ಆ ನಿಯಮ ಬಂದಾಗಿಂದ ನೀ ಒಂದ ದಿನಾನೂ ಅದನ್ನ ಪಾಲ್ಸಿಲ್ಲ. ಇವತ್ತ ಯಾಕ ಪಾಲ್ಸಿದಿ?"

ವತ್ಸಲಾಬಾಯಿ ಹಾಲಿಗೆ ಹೆಪ್ಪು ಹಾಕುವ ನೆಪದಲ್ಲಿ ಅತ್ತ ತಿರುಗಿದಳು. ಅಲ್ಲ, ಸೊಸೆಯ ಮಾತು ಉಳಿಸಿದೆ ಅಂದರೆ ಯಾರು ನಂಬುತ್ತಾರೆ? ತಾನೇ ನಂಬುವುದಿಲ್ಲ. ಹೆಸರು ಕುಲ ತಿಳಿಯದ ಎಷ್ಟು ಜನರ ಎಲೆಯ ಮೇಲೆ ಬಗ್ಗಿ ಬಗ್ಗಿ ಬಡಿಸಿದ್ದಳು. ತಿಳಿದವರ ಎಲೆಯ ಹತ್ತಿರ ಬಗ್ಗುವಾಗ ಕೈ ತಾನಾಗಿ ಹಿಂದೆ ಸರಿದಿತ್ತು. ನಿಯಮ ಅಲ್ಲೇ ಇತ್ತಲ್ಲ, ಅದರ ಹಿಂದೆ ಅಡಗಿಕೊಂಡಿದ್ದಳು. ಭಾಗಪ್ಪ ಮಾಸ್ತರ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮಗಳ ಬಾಳು ಅಷ್ಟಕ್ಕೇ ಮುರಿಯುತ್ತಿತ್ತು. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಮರುದಿನ ಮೃಣಾಲ ಗಾಡಿ ತೆಗೆಯುತ್ತೇನೆ ಎಂದರೂ ಕೇಳದೆ ವತ್ಸಲಾಬಾಯಿ ಒಬ್ಬಳೇ ಟಿಕೋಟಾದಿಂದ ಬಬಲೇಶ್ವರದ ಬಸ್ಸು ಹತ್ತಿದಳು. ಹೊರಗೆ ಒಂದು ತುತ್ತು ಉಂಡವಳಲ್ಲ ಆಕೆ. ಕಾಶಿಗೆ ಹೋದಾಗಲೂ ಹಚ್ಚಿದ ಅವಲಕ್ಕಿ ಗಂಟು ಕಟ್ಟಿಕೊಂಡು ಹೋಗಿದ್ದಳು. ಇಂದು ಕೈಯಲ್ಲಿ ಏನೂ ಇರಲಿಲ್ಲ, ಬೆಳಗಿನಿಂದ ಚಹಾ ಕೂಡ ಕುಡಿದಿರಲಿಲ್ಲ.

ಮಾಸ್ತರ ಮನೆಯಲ್ಲಿರಲಿಲ್ಲ. ಸಾವಂತ್ರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನಿಂತವಳನ್ನು ಕಂಡು ಎದ್ದಳು, ಕುರ್ಚಿ ಸರಿಸಿದಳು. ಮರ್ಯಾದೆಗೇನೂ ಕೊರತೆ ಮಾಡಲಿಲ್ಲ. ಮುಖ ಮಾತ್ರ ಗಡುಸಾಗಿತ್ತು.

"ಕೂಡ್ರಿ ಬಾಯಾರ. ಚಹಾ ಕುಡಿಯಂಗಿಲ್ಲಲ್ಲ ನೀವು, ಅಂಗಡ್ಯಾಗಿಂದ ಬಾಳಿಹಣ್ಣ ತರಸ್ತೀನಿ."

"ಬಾಳಿಹಣ್ಣ ಒಲ್ಲೆ ನಾ. ಹಸದ ಬಂದೇನಿ" ಎಂದಳು ವತ್ಸಲಾಬಾಯಿ, ಕುರ್ಚಿ ಬಿಟ್ಟು ಒಲೆಯ ಹತ್ತಿರ ನೆಲಕ್ಕೆ ಕೂತು. "ಊಟಕ್ಕ ನೀಡ್ರಿ."

ಸಾವಂತ್ರವ್ವ ತಾಟು ತೊಳೆದು ತಂದು ಒಂದು ರೊಟ್ಟಿ, ಪುಂಡಿಪಲ್ಲೆ, ನಂಜಿಕೊಳ್ಳಲು ಚೂರು ಶೇಂಗಾ ಹಿಂಡಿ ಹಾಕಿ ಮುಂದಿಟ್ಟಳು. ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಮೊದಲ ತುತ್ತು ಮುರಿದು ವತ್ಸಲಾಬಾಯಿ ಅದನ್ನು ಪಲ್ಲೆಯಲ್ಲಿ ಎರಡೆರಡು ಸಲ ಅದ್ದಿದಳು. ಅರವತ್ತು ವರ್ಷದ ರೂಢಿ, ಸುಮ್ಮನೆ ಬಿಟ್ಟೀತೇ? ನುಂಗಿದಳು. ಎರಡನೆಯದನ್ನು ಎತ್ತಿದಳು. ಪುಂಡಿಪಲ್ಲೆಯ ಹುಳಿ ನಾಲಿಗೆಗೆ ಹತ್ತಿ, ಹಸಿವು ಹಸಿವಿನ ಕೆಲಸ ಮಾಡಿತು. ರೊಟ್ಟಿ ಮುಗಿಯಿತು.

ಬುಟ್ಟಿಯಲ್ಲಿ ಬಿಸಿ ರೊಟ್ಟಿ ಉಬ್ಬಿಕೊಂಡು ಕೂತಿದ್ದವು. ಸಾವಂತ್ರವ್ವ ಒಂದನ್ನೂ ಎತ್ತಲಿಲ್ಲ. ಹಂಚಿನ ಕಡೆ ನೋಡುತ್ತ ಕೂತಳು. ಖಾಲಿ ತಾಟಿನ ಮುಂದೆ ಕೂರುವುದೆಂದರೆ ಏನೆಂದು ವತ್ಸಲಾಬಾಯಿಗೆ ಜನ್ಮದಲ್ಲಿ ಮೊದಲ ಸಲ ತಿಳಿಯಿತು. ಕಿವಿ ಬಿಸಿಯಾದವು.

"ಇನ್ನೊಂದ ನೀಡ್ರಿ" ಎಂದಳು.

ಸಾವಂತ್ರವ್ವ ನೀಡಿದಳು. ಅದೂ ಮುಗಿಯಿತು. ಸಾವಂತ್ರವ್ವ ಮತ್ತೆ ಹಂಚಿನ ಕಡೆ ತಿರುಗಿದಳು.

"ಇನ್ನೊಂದ ನೀಡ್ರಿ ಬೀಗತಿ."

"ಕೇಳಿದವರಿಗಷ್ಟ ನೀಡೋದಂತಲ್ರಿ ನಿಮ್ಮಲ್ಲಿ." ಸಾವಂತ್ರವ್ವ ಮೂರನೆಯ ರೊಟ್ಟಿ ಹಾಕುತ್ತ ಅಂದಳು. "ಕೇಳಾಕ ನಿಮಗ ನಾಚಿಕಿ ಬರಲಿಲ್ಲೇನ್ರಿ?"

"ಬಂತವ್ವ. ಸತ್ತ ಹೋಗುವಷ್ಟು ಬಂತು." ವತ್ಸಲಾಬಾಯಿ ರೊಟ್ಟಿ ಮುರಿದಳು. "ನನ್ನ ಸೊಸೀದು ಏನೂ ತಪ್ಪಿಲ್ಲ. ಅಕಿ ಚೆಲ್ಲೋದು ಬ್ಯಾಡ ಅಂದಾಳ, ಖರೇನ ಅಂದಾಳ. ನಿಯಮ ಅಕೀದು, ನೆವ ನಂದು. ನಿಮ್ಮ ಬೆರಳ ನೋಡಿದ್ನಿ ನಾ. ಹಸಿವಿ ಐತಿ ಅಂತ ತಿಳೀತು. ತಿಳದ ಬುಟ್ಟಿ ತಗೊಂಡ ಹಿಂದಕ್ಕ ಸರದೆ. ಇದನ್ನ ಹೇಳಾಕ ಬಂದೇನಿ. ನನ್ನ ಮಗಳು ನನ್ನಂಥಾಕಿ ಅಲ್ರಿ. ನನ್ನ ಮ್ಯಾಲಿನ ಸಿಟ್ಟು ಅಕೀ ಮ್ಯಾಲ ತೀರಿಸಬ್ಯಾಡ್ರಿ."

ಸಾವಂತ್ರವ್ವ ಹಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂದಾಗ ತೆಗೆದು ಬದಿಗಿಟ್ಟಳು.

"ನಮ್ಮ ಮಂದೀಗೆ ಇದೇನ ಹೊಸಾದಲ್ರಿ" ಎಂದಳು ಕೊನೆಗೆ. "ಆದ್ರ ಮಾಡಿದವರು ಬಂದು ಹೌದು ಮಾಡೇನಿ ಅಂದಿದ್ದು ಮಾತ್ರ ಇವತ್ತ ನೋಡೀನಿ."

ಮೂರನೆಯ ರೊಟ್ಟಿಯ ಕೊನೆಯ ತುತ್ತು ವತ್ಸಲಾಬಾಯಿಯ ಕೈಯಲ್ಲೇ ಇತ್ತು. ಆಗ ಸಾವಂತ್ರವ್ವ ಬುಟ್ಟಿಯಿಂದ ಇನ್ನೊಂದನ್ನು ಎತ್ತಿದಳು. ಯಾರೂ ಕೇಳಿರಲಿಲ್ಲ. ವತ್ಸಲಾಬಾಯಿ ಗಾಬರಿಯಿಂದ ತಾಟಿನ ಮೇಲೆ ಕೈ ಅಡ್ಡ ಹಿಡಿದಳು.

"ಸಾಕ್ರಿ, ಖರೇನ ಸಾಕು, ಹೊಟ್ಟಿ ಒಡೀತೇತಿ!"

"ಸುಮ್ನ ಉಣ್ರಿ. ಮಾರಿ ಬಾಡೇತಿ."

"ಚೆಲ್ಲಬೇಕಾಕ್ಕೇತ್ರಿ!"

"ಯಾಕ ಚೆಲ್ಲತೈತಿ? ನಾ ಏನ ಉಂಡ ಕುಂತೀನೇನು?"

ಸಾವಂತ್ರವ್ವ ಆ ಬಿಸಿ ರೊಟ್ಟಿಯನ್ನು ನಡುವೆ ಮುರಿದಳು. ವತ್ಸಲಾಬಾಯಿಯ ಕೈಯನ್ನು ಹಿಡಿದು ಬದಿಗೆ ಸರಿಸಿ ಒಂದು ಅರ್ಧವನ್ನು ಅವಳ ತಾಟಿಗೆ ಹಾಕಿದಳು. ಇನ್ನೊಂದು ಅರ್ಧವನ್ನು ಹಿಡಿದುಕೊಂಡು ಅವಳ ಎದುರಿಗೇ ನೆಲಕ್ಕೆ ಕೂತು, ಅದೇ ತಾಟಿನ ಪಲ್ಲೆಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ವತ್ಸಲಾಬಾಯಿ ಕಣ್ಣೊರೆಸಿಕೊಂಡು, ಅದೇ ಪಲ್ಲೆಗೆ ತನ್ನ ರೊಟ್ಟಿಯನ್ನೂ ಅದ್ದಿದಳು.